‘ನೈಸ್’: ಒಂದು ವಿಶೇಷಣದ ಪೂರ್ವಾಪರ

ಇಂಗ್ಲಿಷ್ ಕಲಿಸುವ ಉಪಾಧ್ಯಾಯರು ವಿದ್ಯಾರ್ಥಿಗಳ ಪ್ರಬಂಧಗಳನ್ನು ತಿದ್ದುವಾಗ ಮರುಯೋಚನೆಯಿಲ್ಲದೆ ಕೆಂಪು ಶಾಯಿಯಿಂದ ಹೊಡೆದುಹಾಕುವ ಪದವೊಂದು ಇರುವುದಾದರೆ ಅದು ‘ನೈಸ್’. ಹವೆ ನೈಸ್, ಊಟ ನೈಸ್, ನೆರೆಮನೆಯವರು ನೈಸ್, ನಿನ್ನೆ ಓದಿ ಮುಗಿಸಿದ ಕಾದಂಬರಿ ನೈಸ್, ಅದನ್ನು ಬರೆದಾತನೂ ನೈಸ್ ಎಂದು ಒಂದೇ ವಿಶೇಷಣವನ್ನು ಕಂಡಕಂಡ ನಾಮಪದಗಳಿಗೆಲ್ಲ ಅಂಟಿಸುವುದು ಬುದ್ಧಿಯ ಆಲಸ್ಯಕ್ಕೆ ಕುರುಹೆಂದೂ, ಎಲ್ಲವನ್ನೂ ಹೊಗಳುವ ಮಾತು ಯಾವುದನ್ನೂ ಹೊಗಳಲಾರದೆಂದೂ ಅವರು ಆಡುವ ಆಕ್ಷೇಪಣೆ ಮೇಲುನೋಟಕ್ಕೆ ನ್ಯಾಯವಾಗಿಯೇ ತೋರುತ್ತದೆ. ಆದರೆ ಹೀಗೆ ದಿನನಿತ್ಯವೂ ದಂಡನೆಗೆ ಗುರಿಯಾಗುವ ಈ ಪುಟ್ಟ ಪದ ಇಂಗ್ಲಿಷಿನಲ್ಲಿ ಸುಮಾರು ಏಳುನೂರು ವರ್ಷ ಬಾಳಿದೆ. ಆ ಅವಧಿಯಲ್ಲಿ ಮೂರ್ಖನನ್ನೂ ವಿಟನನ್ನೂ ಸೋಮಾರಿಯನ್ನೂ ಸಂಕೋಚಸ್ವಭಾವದವನನ್ನೂ ಸೂಕ್ಷ್ಮಮತಿಯನ್ನೂ ಸಜ್ಜನನನ್ನೂ ಸರದಿಯ ಮೇಲೆ ಹೆಸರಿಸಿದೆ. ಒಂದು ಪದ ಇಷ್ಟು ವೇಷಗಳನ್ನು ತೊಟ್ಟದ್ದೇಕೆ, ತೊಟ್ಟಾಗಲೆಲ್ಲ ಹಳೆಯದು ಎಷ್ಟುಮಟ್ಟಿಗೆ ಉಳಿಯಿತು, ಇಂದು ಅದು ನಿಜವಾಗಿ ಬರಿದಾಗಿದೆಯೆ ಎಂಬ ಪ್ರಶ್ನೆಗಳನ್ನು ಪಂಡಿತರು ಬಿಡಿಬಿಡಿಯಾಗಿ ಚರ್ಚಿಸಿದ್ದಾರೆ. ಅವೆಲ್ಲವನ್ನೂ ಒಂದೆಡೆ ಇಟ್ಟು ನೋಡಿದರೆ ನನಗೆ ತೋರುವುದಿಷ್ಟು: ಪದದ ಅರ್ಥ ಬದಲಾದದ್ದಕ್ಕಿಂತ ಹೆಚ್ಚಾಗಿ, ಅದು ಸೂಚಿಸುತ್ತಿದ್ದ ಒಂದು ಗುಣದ ವಿಷಯದಲ್ಲಿ ಜನರ ಮನಸ್ಸು ಬದಲಾಯಿತು.

ಮೂಲವನ್ನು ಅರಸುತ್ತ ಹೋದರೆ ನಾವು ತಲಪುವುದು ‘ನೆಸ್ಕಿಯುಸ್’ ಎಂಬ ಲ್ಯಾಟಿನ್ ಶಬ್ದಕ್ಕೆ. ‘ನೆ’ ಎಂಬುದು ನಿಷೇಧಾರ್ಥಕ. ‘ಸ್ಕೀರೆ’ ಎಂದರೆ ತಿಳಿಯುವುದು. ಎರಡೂ ಕೂಡಿ ‘ಅರಿಯದವನು, ಅಜ್ಞ’ ಎಂಬ ಅರ್ಥ ಸಿದ್ಧಿಸುತ್ತದೆ. ಇದೇ ‘ಸ್ಕೀರೆ’ ಧಾತುವಿನಿಂದಲೇ ‘ಸೈನ್ಸ್’ ಎಂಬ ಪದವೂ, ಅಂತಃಸಾಕ್ಷಿಯನ್ನು ಸೂಚಿಸುವ ‘ಕಾನ್ಷಿಯನ್ಸ್’ ಎಂಬ ಪದವೂ ಹುಟ್ಟಿರುವುದರಿಂದ, ವಿಜ್ಞಾನಕ್ಕೂ ‘ನೈಸ್’ಗೂ ಒಂದೇ ಕುಲವೆಂದೂ, ಒಂದು ಕವಲು ಜ್ಞಾನದ ಕಡೆಗೂ ಇನ್ನೊಂದು ಅಜ್ಞಾನದ ಕಡೆಗೂ ಚಾಚಿತೆಂದೂ ಹೇಳಬಹುದು. ಲ್ಯಾಟಿನ್ನಿನ ಈ ಶಬ್ದ ಪ್ರಾಚೀನ ಫ್ರೆಂಚಿನಲ್ಲಿ ಸವೆದು ‘ನೀಸ್’ ಎಂದಾಗಿ, ಪೆದ್ದ, ಅಸಡ್ಡಾಳ, ಕೈಲಾಗದವನು ಎಂಬ ಅರ್ಥಗಳನ್ನು ಪಡೆಯಿತು. 1066ರಲ್ಲಿ ನಾರ್ಮನರು ಇಂಗ್ಲೆಂಡನ್ನು ಗೆದ್ದ ಮೇಲೆ ಆ ದೇಶದ ನುಡಿಗೆ ಶತಮಾನಗಳ ಕಾಲ ಹರಿದುಬಂದ ಫ್ರೆಂಚ್ ಪದಗಳ ಪ್ರವಾಹದಲ್ಲಿ ಇದೂ ಒಂದಾಗಿ, ಹದಿಮೂರನೆಯ ಶತಮಾನದ ಕೊನೆಯ ಹೊತ್ತಿಗೆ ಅಲ್ಲಿ ನೆಲೆಯೂರಿತು. ಸ್ಪ್ಯಾನಿಷಿನ ‘ನೆಸಿಯೋ’ ಇಂದಿಗೂ ಮೂರ್ಖನೆಂಬ ಅರ್ಥವನ್ನೇ ಹೇಳುತ್ತದೆ. ಒಂದೇ ತಾಯಿಯ ಮಕ್ಕಳಲ್ಲಿ ಒಬ್ಬ ಮನೆಯಲ್ಲೇ ಉಳಿದು ಹುಟ್ಟುಹೆಸರನ್ನು ಹೊತ್ತಿರಲು, ಇನ್ನೊಬ್ಬ ಕಡಲು ದಾಟಿ ಹೋಗಿ ಗುರುತು ಸಿಗದಷ್ಟು ದೊಡ್ಡಮನುಷ್ಯನಾದಂತಾಯಿತು.

ಹದಿನಾಲ್ಕನೆಯ ಶತಮಾನದ ಇಂಗ್ಲಿಷ್ ಕವಿ ಜೆಫ್ರಿ ಚಾಸರ್ ಈ ಪದವನ್ನು ಹಲವೆಡೆ ‘ಮೂಢ’ ಎಂಬ ಅರ್ಥದಲ್ಲಿ ಬಳಸಿದ್ದಾನೆ. ಅವುಗಳಲ್ಲಿ ಒಂದು ಪ್ರಯೋಗದ ಬಳಿ ಓದುಗನು ತುಸು ನಿಲ್ಲಬೇಕು. ‘ಟ್ರಾಯ್ಲಸ್ ಅಂಡ್ ಕ್ರಿಸೇಡ್’ ಕಾವ್ಯದ ಎರಡನೆಯ ಭಾಗದ ಪೀಠಿಕೆಯಲ್ಲಿ ಚಾಸರ್ ಭಾಷೆಯ ಪರಿವರ್ತನಶೀಲತೆಯನ್ನೇ ಕುರಿತು ಮಾತನಾಡುತ್ತಾನೆ: ಸಾವಿರ ವರ್ಷಗಳಲ್ಲಿ ನುಡಿಯ ರೂಪ ಮಾರ್ಪಡುತ್ತದೆ, ಅಂದು ಬೆಲೆಯುಳ್ಳವಾಗಿದ್ದ ಮಾತುಗಳು ಇಂದು ನಮಗೆ ವಿಚಿತ್ರವಾಗಿ ತೋರುತ್ತವೆ, ಆದರೂ ಆ ಕಾಲದ ಜನ ಅವನ್ನೇ ಆಡಿ ಪ್ರೇಮದಲ್ಲಿ ನಮ್ಮಷ್ಟೇ ಸಫಲರಾದರು ಎಂಬುದು ಆತನ ಭಾವ. ಹಳೆಯ ಮಾತುಗಳು ನಮಗೆ ಹೇಗೆ ತೋರುತ್ತವೆ ಎಂಬುದನ್ನು ಹೇಳಲು ಅವನು ಆರಿಸಿಕೊಂಡ ವಿಶೇಷಣಗಳಲ್ಲಿ ಒಂದು ‘ನೈಸ್’. ಪದಗಳು ಕಾಲಾಂತರದಲ್ಲಿ ಅಪಾರ್ಥಕ್ಕೆ ಒಳಗಾಗುತ್ತವೆಂದು ಕವಿ ಎಚ್ಚರಿಸಿದ ಆ ಜಾಗದಲ್ಲಿಯೇ ಇಂದಿನ ಓದುಗನು ಎಡವಿ, ಪುರಾತನರ ಮಾತು ‘ಸೊಗಸಾಗಿ’ ತೋರುತ್ತದೆಂದು ಕವಿ ಹೊಗಳುತ್ತಿರುವನೆಂದು ತಪ್ಪಾಗಿ ಗ್ರಹಿಸುವುದು ಸಾಧ್ಯ. ಚಾಸರನಿಗೆ ಇದು ತಿಳಿದಿದ್ದರೆ ಅವನು ನಗುತ್ತಿದ್ದನೆಂದು ಊಹಿಸಲು ಅಡ್ಡಿಯಿಲ್ಲ. ನಗುವುದರಲ್ಲಿ ಅವನು ಧಾರಾಳಿ.

ಅಲ್ಲಿಂದ ಮುಂದಿನ ಇನ್ನೂರು ವರ್ಷಗಳ ಕಥೆ ಗೋಜಲಾದುದು. ಮೂಢನೆಂಬ ಅರ್ಥದಿಂದ ಲಂಪಟನೆಂಬ ಅರ್ಥ ಹೊರಟಿತು. ವಿವೇಕಶೂನ್ಯನು ಇಂದ್ರಿಯಗಳ ಹಿಡಿತಕ್ಕೆ ಬೀಳುವನೆಂಬುದು ಅಂದಿನ ನೀತಿಬೋಧಕರ ನಂಬಿಕೆಯಾಗಿತ್ತಷ್ಟೆ. ಲಂಪಟನು ಉಡುಗೆತೊಡುಗೆಯಲ್ಲಿ ಬೆಡಗುಗಾರನಾದ್ದರಿಂದ ಆಡಂಬರದ ವೇಷಕ್ಕೂ ಅದೇ ಪದ ಸಂದಿತು. ಇನ್ನೊಂದು ದಿಕ್ಕಿನಲ್ಲಿ, ಅರಿಯದವನು ಕಾರ್ಯಕ್ಕೆ ಅಂಜುತ್ತಾನಾದ್ದರಿಂದ ಪುಕ್ಕಲನೂ, ಅಂಜಿ ಹಿಂಜರಿಯುವವನು ಮೈಗಳ್ಳನಂತೆ ಕಾಣುವುದರಿಂದ ಸೋಮಾರಿಯೂ, ಹಿಂಜರಿಕೆ ಹೆಣ್ಣಿನಲ್ಲಿ ನಾಚಿಕೆಯಾಗಿ ತೋರುವುದರಿಂದ ಲಜ್ಜಾವತಿಯೂ ಈ ಹೆಸರಿಗೆ ಪಾತ್ರರಾದರು. ನಾಚುವವರು, ಸುಲಭಕ್ಕೆ ಒಪ್ಪದವರು, ಮುಟ್ಟಿದರೆ ಮುದುಡುವವರು, ಎಲೆಯ ಮೇಲೆ ಬಡಿಸಿದ್ದರಲ್ಲಿ ಇದು ಬೇಡ ಅದು ಬೇಡವೆಂದು ಸರಿಸುವವರು ಒಂದೇ ಸಾಲಿಗೆ ಬರುತ್ತಾರೆ. ಹೀಗೆ ‘ಆರಿಸಿ ಹಿಡಿಯುವ, ಮೂಗು ಮುರಿಯುವ’ ಎಂಬ ಅರ್ಥ ಒದಗಿತು. ನಾನು ಇಲ್ಲಿ ಜೋಡಿಸಿರುವ ಈ ಸರಪಣಿ ಗ್ರಹಿಕೆಗೆ ಅನುಕೂಲವಾಗಲೆಂದು ಜೋಡಿಸಿದ್ದೇ ಹೊರತು, ಇತಿಹಾಸದಲ್ಲಿ ಕೊಂಡಿಗಳು ಇದೇ ಕ್ರಮದಲ್ಲಿ ಕೂಡಿದವೆಂದು ಯಾರೂ ಆಣೆಯಿಟ್ಟು ಹೇಳಲಾರರು. 1884ರಿಂದ 1928ರವರೆಗೆ ಭಾಗಭಾಗವಾಗಿ ಹೊರಬಂದ ಆಕ್ಸ್‌ಫರ್ಡ್ ಮಹಾಕೋಶದ ಸಂಪಾದಕರೇ ಹದಿನಾರು ಹದಿನೇಳನೆಯ ಶತಮಾನಗಳ ಹಲವು ಪ್ರಯೋಗಗಳಲ್ಲಿ ಲೇಖಕನು ಈ ಪದವನ್ನು ಯಾವ ಅರ್ಥದಲ್ಲಿ ಬಳಸಿದನೆಂದು ನಿರ್ಧರಿಸುವುದು ಕಷ್ಟವೆಂದು ಒಪ್ಪಿಕೊಂಡಿದ್ದಾರೆ. ಉದಾಹರಣೆಗಳನ್ನು ಮೂಟೆಗಟ್ಟಲೆ ಸಂಗ್ರಹಿಸಿಟ್ಟುಕೊಂಡವರೇ ಹೀಗೆ ಕೈಚೆಲ್ಲಿದರೆ ಉಳಿದವರ ಪಾಡೇನು?

ಈ ಗೋಜಲಿನ ಪ್ರತಿಬಿಂಬವನ್ನು ಷೇಕ್ಸ್‌ಪಿಯರನ ನಾಟಕಗಳಲ್ಲಿ ಚೆನ್ನಾಗಿ ಕಾಣಬಹುದು. ‘ರೋಮಿಯೋ ಅಂಡ್ ಜೂಲಿಯೆಟ್’ ನಾಟಕದ ಕೊನೆಯ ಅಂಕದಲ್ಲಿ, ರೋಮಿಯೋವಿಗೆ ಕಳುಹಿಸಿದ ಓಲೆ ಅವನಿಗೆ ತಲಪಲಿಲ್ಲವೆಂದು ತಿಳಿದು ಕಳವಳಗೊಂಡ ಪಾದ್ರಿ ಲಾರೆನ್ಸ್, ಆ ಓಲೆ ‘ನೈಸ್’ ಆದುದಲ್ಲ, ಗುರುತರವಾದ ವಿಷಯದಿಂದ ಕೂಡಿತ್ತು ಎಂದು ಉದ್ಗರಿಸುತ್ತಾನೆ. ಓಲೆ ಪ್ರಿಯವಾದದ್ದಲ್ಲವೆಂದು ಅವನ ಮಾತಿನ ತಾತ್ಪರ್ಯವಲ್ಲ, ಕ್ಷುಲ್ಲಕವಾದದ್ದಲ್ಲವೆಂದು. ಆಂಟನಿಯಾದರೋ ಕ್ಲಿಯೋಪಾತ್ರಳ ಸಂಗದಲ್ಲಿ ಭಾಗ್ಯ ಕುಂದಿದ ಮೇಲೆ ತನ್ನ ಹಿಂದಿನ ಸುದಿನಗಳನ್ನು ನೆನೆಯುವಾಗ ಇದೇ ವಿಶೇಷಣವನ್ನು ಬಳಸುತ್ತಾನೆ. ಅಲ್ಲಿ ಅದರ ಅರ್ಥ ವಿಲಾಸವೋ ನಾಜೂಕೋ ಎಂಬುದರಲ್ಲಿ ವ್ಯಾಖ್ಯಾನಕಾರರು ಒಮ್ಮತಕ್ಕೆ ಬಂದಿಲ್ಲ. ನಾಟಕಗಳನ್ನು ಭಾಷಾಂತರಿಸಲು ಹೊರಟವರಿಗೆ ಹೆಚ್ಚು ಅಪಾಯಕಾರಿಯಾದುದು ನಿಘಂಟು ತೆಗೆಸುವ ಕಠಿನ ಪದವಲ್ಲ, ‘ಇದು ನನಗೆ ಗೊತ್ತು’ ಎನ್ನಿಸುವ ಇಂಥ ಸುಲಭ ಪದ.

ಹದಿನಾರನೆಯ ಶತಮಾನದಲ್ಲಿ ಬೇರೊಂದು ಅರ್ಥ ಮೊಳೆತು, ಮುಂದಿನ ಶತಮಾನದಲ್ಲಿ ಬಲಿಯಿತು. ನನ್ನ ದೃಷ್ಟಿಯಲ್ಲಿ ಈ ಪದದ ಜೀವಿತದಲ್ಲಿ ಅತ್ಯಂತ ಗೌರವದ ಘಟ್ಟ ಅದೇ. ಸಣ್ಣಪುಟ್ಟ ವ್ಯತ್ಯಾಸಕ್ಕೂ ಮೂಗು ಮುರಿಯುವವನು ಸಣ್ಣಪುಟ್ಟ ವ್ಯತ್ಯಾಸವನ್ನು ಕಾಣಬಲ್ಲವನೂ ಆಗಿರಬೇಕಲ್ಲವೆ? ಊಟದ ಮಣೆಯಲ್ಲಿ ಕುಳಿತು ಮನೆಮಂದಿಗೆ ಕಾಟ ಕೊಡುವ ಸ್ವಭಾವವೇ ಅಕ್ಕಸಾಲಿಯ ಕಣ್ಣಿನಲ್ಲಿ, ತಕ್ಕಡಿಯ ಮುಳ್ಳಿನಲ್ಲಿ, ನ್ಯಾಯಾಧೀಶನ ತೀರ್ಪಿನಲ್ಲಿ ಗುಣವಾಗಿ ಪರಿಣಮಿಸುತ್ತದೆ. 1660ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಸ್ಥಾಪಿತವಾಗಿ, ಅಳೆಯುವುದೂ ತೂಗುವುದೂ ಪ್ರತ್ಯಕ್ಷ ಪರೀಕ್ಷಿಸುವುದೂ ವಿದ್ವತ್ತಿನ ಲಕ್ಷಣವೆಂದು ಪರಿಗಣಿತವಾದ ಯುಗದಲ್ಲಿ ‘ನೈಸ್’ ಪದಕ್ಕೆ ‘ನಿಷ್ಕೃಷ್ಟ, ಸೂಕ್ಷ್ಮಗ್ರಾಹಿ’ ಎಂಬ ಅರ್ಥ ಬಲವಾದುದು ಸಹಜವೇ ಸರಿ. ಮಿಲ್ಟನ್ ಕವಿಯ ‘ಪ್ಯಾರಡೈಸ್ ಲಾಸ್ಟ್’ ಕಾವ್ಯದ ಎಂಟನೆಯ ಭಾಗದಲ್ಲಿ, ತನಗೆ ಸಮಾನಳಾದ ಸಂಗಾತಿ ಬೇಕೆಂದು ಬೇಡುವ ಆದಮನಿಗೆ ದೇವರು, ನೀನು ಬಯಸುವ ಸುಖ ಬಹಳ ‘ನೈಸ್’ ಆದುದು, ಸೂಕ್ಷ್ಮವಾದುದು ಎಂದು ನಸುನಗೆಯಿಂದೆಂಬಂತೆ ಹೇಳುವುದುಂಟು. ಆರಿಸಿ ಹಿಡಿಯುವ ಸ್ವಭಾವಕ್ಕೆ ಅಲ್ಲಿ ಮೆಚ್ಚುಗೆಯೂ ಪರಿಹಾಸವೂ ಸಮವಾಗಿ ಬೆರೆತಿವೆ. 1755ರಲ್ಲಿ ಪ್ರಕಟವಾದ ಡಾಕ್ಟರ್ ಜಾನ್ಸನ್ನನ ನಿಘಂಟಿನಲ್ಲಿ ಈ ಪದಕ್ಕೆ ಕೊಟ್ಟಿರುವ ವಿವರಣೆಗಳಲ್ಲಿ ಅಗ್ರಸ್ಥಾನ ಅತಿಸೂಕ್ಷ್ಮ ನಿಷ್ಕೃಷ್ಟತೆಗೆ ಸಂದಿದೆ. ಆ ಸೂಕ್ಷ್ಮತೆ ಮಿತಿಮೀರಿದರೆ ದೋಷವೆಂಬ ಸೂಚನೆಯನ್ನೂ ಆತ ಸೇರಿಸಿದ್ದಾನೆ. ಇಂದಿಗೂ ನ್ಯಾಯಾಲಯಗಳಲ್ಲಿ, ನಮ್ಮ ದೇಶದ ಉಚ್ಚ ನ್ಯಾಯಾಲಯಗಳ ತೀರ್ಪುಗಳಲ್ಲಿ ಸಹ, ಕೂದಲೆಳೆಯಷ್ಟು ಸಣ್ಣ ವ್ಯತ್ಯಾಸದ ಮೇಲೆ ನಿಂತ ಕಾನೂನಿನ ಪ್ರಶ್ನೆಯನ್ನು ‘ನೈಸ್’ ಪ್ರಶ್ನೆಯೆಂದು ಕರೆಯುವ ರೂಢಿ ಅಳಿದಿಲ್ಲ. ಇದನ್ನು ಅರಿಯದ ಕಕ್ಷಿದಾರನು ನ್ಯಾಯಾಧೀಶರು ತನ್ನ ವಕೀಲರ ವಾದವನ್ನು ಶ್ಲಾಘಿಸಿದರೆಂದು ಹಿಗ್ಗಿದರೆ ಅವನ ಮೇಲೆ ತಪ್ಪು ಹೊರಿಸುವಂತಿಲ್ಲ.

ಈಗ ಮುಖ್ಯವಾದ ತಿರುವಿಗೆ ಬರೋಣ. ಸೂಕ್ಷ್ಮವೆಂಬ ಅರ್ಥದ ಪದ ‘ಹಿತವಾದ’ ಎಂಬ ಅರ್ಥಕ್ಕೆ ದಾಟಿದ್ದು ಹೇಗೆ? ಇದರ ಉತ್ತರ ವ್ಯಾಕರಣದಲ್ಲಿ ಅರ್ಧವೂ ಸಮಾಜದ ಇತಿಹಾಸದಲ್ಲಿ ಅರ್ಧವೂ ಇದೆಯೆಂದು ತೋರುತ್ತದೆ. ವಿಶೇಷಣಗಳು ಗ್ರಾಹಕನಿಂದ ಗ್ರಾಹ್ಯಕ್ಕೆ ಸರಿಯುವುದು ಎಲ್ಲ ಭಾಷೆಗಳಲ್ಲಿಯೂ ಕಾಣುವ ಸಂಗತಿ. ರುಚಿಭೇದಗಳನ್ನು ಬಲ್ಲ ನಾಲಗೆ ‘ನೈಸ್’ ಆದರೆ, ಅಂಥ ನಾಲಗೆ ಒಪ್ಪುವ ಭಕ್ಷ್ಯವೂ ಕ್ರಮೇಣ ‘ನೈಸ್’ ಆಗುತ್ತದೆ. ಬಣ್ಣಗಳ ಛಾಯಾಭೇದವನ್ನು ಗುರುತಿಸುವ ಕಣ್ಣು ‘ನೈಸ್’ ಆದರೆ, ಆ ಕಣ್ಣು ಮೆಚ್ಚುವ ವಸ್ತ್ರಕ್ಕೂ ಆ ಬಿರುದು ಸಲ್ಲುತ್ತದೆ. ಇದಕ್ಕೆ ಸಮಾಜದ ಒತ್ತಾಸೆ ಹದಿನೆಂಟನೆಯ ಶತಮಾನದಲ್ಲಿ ದೊರೆಯಿತು. 1711ರಲ್ಲಿ ಅಡಿಸನ್ ಮತ್ತು ಸ್ಟೀಲ್ ಆರಂಭಿಸಿದ ‘ಸ್ಪೆಕ್ಟೇಟರ್’ ಪತ್ರಿಕೆಯನ್ನು ಕಾಫಿಮನೆಗಳಲ್ಲಿ ಓದಿ ಬೆಳೆದ ಮಧ್ಯಮ ವರ್ಗ, ಕುಲದಿಂದ ಬಾರದ ಮರ್ಯಾದೆಯನ್ನು ನಡೆನುಡಿಯ ಸಂಸ್ಕಾರದಿಂದ ಸಂಪಾದಿಸಲು ಹವಣಿಸಿತು. ಹಿಂದಿನ ಕಾಲದ ಯೋಧನಿಗೂ ಒಕ್ಕಲಿಗನಿಗೂ ನಗೆಪಾಟಲಾಗಿದ್ದ ಮೃದುತ್ವ, ನಾಜೂಕು, ಸಂಕೋಚ, ಬೇಗ ನೋಯುವ ಮನಸ್ಸು ಇವೆಲ್ಲ ಸಭ್ಯತೆಯ ಲಕ್ಷಣಗಳೆನಿಸಿದವು. ಪದ ತಾನಿದ್ದಲ್ಲಿಯೇ ಇದ್ದು, ಅದರ ಕಾಲ ಕೆಳಗಿನ ನೆಲವೇ ಮೇಲೆದ್ದಿತು. ಆ ಶತಮಾನದ ಉತ್ತರಾರ್ಧದ ಕಾಗದಪತ್ರಗಳಲ್ಲಿ ‘ನೈಸ್’ ಆದ ನಡಿಗೆ, ‘ನೈಸ್’ ಆದ ಸಂಜೆ ಎಂಬ ಪ್ರಯೋಗಗಳು ಕಾಣಿಸಿಕೊಳ್ಳುತ್ತವೆ. ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ಮನುಷ್ಯರ ವಿಷಯಕ್ಕೆ ‘ದಯಾಳು, ಸೌಜನ್ಯವಂತ’ ಎಂಬರ್ಥ ಗಟ್ಟಿಯಾಗುತ್ತದೆ.

ಈ ಸಂಕ್ರಮಣಕಾಲದ ಜಗಳವನ್ನು ಜೇನ್ ಆಸ್ಟೆನ್ ತನ್ನ ‘ನಾರ್ಥಾಂಗರ್ ಅಬಿ’ ಕಾದಂಬರಿಯಲ್ಲಿ ಹಿಡಿದಿಟ್ಟಿದ್ದಾಳೆ. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಬರೆದ ಈ ಗ್ರಂಥ ಆಕೆ ತೀರಿಕೊಂಡ 1817ನೆಯ ಇಸವಿಯ ಅಂತ್ಯದಲ್ಲಿ, ಮರಣಾನಂತರ, ಪ್ರಕಟವಾಯಿತು. ಅದರ ನಾಯಿಕೆ ಕ್ಯಾಥರೀನ್ ಹದಿನೇಳರ ಮುಗ್ಧೆ. ಭಯಾನಕ ಕಾದಂಬರಿಗಳ ಹುಚ್ಚು ಹಿಡಿದವಳು. ಬಾತ್ ನಗರದ ಬಳಿ ಗುಡ್ಡದ ಮೇಲೆ ವಿಹಾರ ಹೋಗುವಾಗ ಆಕೆ, ‘ಉಡಾಲ್ಫೋ’ ಕಾದಂಬರಿ ಪ್ರಪಂಚದಲ್ಲೇ ಅತ್ಯಂತ ‘ನೈಸ್’ ಆದ ಪುಸ್ತಕವಲ್ಲವೆ ಎಂದು, ತಂಗಿಯೊಡನೆ ಜೊತೆಗೆ ಬಂದಿದ್ದ ಹೆನ್ರಿ ಟಿಲ್ನಿ ಎಂಬ ತರುಣನನ್ನು ಕೇಳುತ್ತಾಳೆ. ಅವನು, ಅತ್ಯಂತ ಅಚ್ಚುಕಟ್ಟಾದ ಪುಸ್ತಕವೆಂದು ನಿನ್ನ ಅಭಿಪ್ರಾಯವಿರಬೇಕು, ಅದು ರಟ್ಟುಕಟ್ಟಿದವನ ಕೈಚಳಕವನ್ನು ಅವಲಂಬಿಸಿದೆ ಎಂದು ಹಾಸ್ಯ ಮಾಡುತ್ತಾನೆ. ಅವಳು ತಡವರಿಸಿ, ಅದು ಚೆನ್ನಾದ ಪುಸ್ತಕವೇ ತಾನೆ, ಹಾಗೆಂದು ಏಕೆ ಕರೆಯಬಾರದು ಎಂದು ಕೇಳಲು, ಹೆನ್ರಿ ಈ ದಿನ, ಈ ವಿಹಾರ, ನೀವಿಬ್ಬರು ತರುಣಿಯರು ಎಲ್ಲವೂ ‘ನೈಸ್’ ಎಂದು ಪಟ್ಟಿ ಮಾಡಿ, ಮೂಲತಃ ಅಚ್ಚುಕಟ್ಟುತನ, ಔಚಿತ್ಯ, ನಾಜೂಕು, ಸಂಸ್ಕಾರಗಳಿಗೆ ಮೀಸಲಾಗಿದ್ದ ಪದ ಈಗ ಎಲ್ಲ ಪ್ರಶಂಸೆಗೂ ಒಂದೇ ಪದವಾಗಿದೆಯೆಂದು ಕೊಂಕುತ್ತಾನೆ.

ಈ ಸಂಭಾಷಣೆಯನ್ನು ಉದಾಹರಿಸುವವರು ಸಾಮಾನ್ಯವಾಗಿ ಹೆನ್ರಿಯ ಪಕ್ಷ ವಹಿಸುತ್ತಾರೆ, ಆಸ್ಟೆನಳೂ ಅವನ ಪಕ್ಷವೆಂದೇ ಭಾವಿಸುತ್ತಾರೆ. ನನಗೆ ಹಾಗೆನಿಸುವುದಿಲ್ಲ. ಮೊದಲನೆಯದಾಗಿ, ಹೆನ್ರಿ ‘ಮೂಲತಃ’ ಎಂದು ಹೇಳಿದ್ದು ಮೂಲವೇ ಅಲ್ಲ. ನಾಜೂಕು ಸಂಸ್ಕಾರಗಳ ಅರ್ಥಕ್ಕಿಂತ ನೂರಾರು ವರ್ಷ ಹಿಂದೆ ಆ ಪದ ಪೆದ್ದನನ್ನು ಹೆಸರಿಸುತ್ತಿತ್ತು. ಭಾಷೆಯ ಶುದ್ಧಿಗಾಗಿ ಹೋರಾಡುವವರಿಗೆಲ್ಲ ಈ ಒಂದು ದೌರ್ಬಲ್ಯವುಂಟು: ತಮ್ಮ ತಾತನ ಕಾಲದ ರೂಢಿಯನ್ನು ಸೃಷ್ಟಿಯ ಆದಿಯೆಂದು ನಂಬುತ್ತಾರೆ. ಎರಡನೆಯದಾಗಿ, ಹೆನ್ರಿಯ ತಂಗಿ ಎಲಿನರ್ ಅಣ್ಣನನ್ನು ಅಲ್ಲಿಯೇ ಹಿಡಿದು, ನೀನು ವಿವೇಕಿಯಾಗಿರುವುದಕ್ಕಿಂತ ಹೆಚ್ಚು ‘ನೈಸ್’ ಆಗಿದ್ದೀಯೆ ಎಂದು ಚುಚ್ಚುತ್ತಾಳೆ. ಆ ಮಾತಿನಲ್ಲಿ ಪದ ತನ್ನ ಹಳೆಯ, ಹೆನ್ರಿಗೆ ಪ್ರಿಯವಾದ ಅರ್ಥದಲ್ಲೇ ಪ್ರಯೋಗವಾಗಿದೆ: ಸಣ್ಣದಕ್ಕೂ ತಕರಾರು ತೆಗೆಯುವವನು. ಪದವನ್ನು ಸರಿಯಾಗಿ ಬಳಸಿಯೇ ಪದದ ಕಾವಲುಗಾರನನ್ನು ಸೋಲಿಸಿದ ತಂಗಿಯ ಜಾಣ್ಮೆ ಆಸ್ಟೆನಳದೇ ಅಲ್ಲವೆ? ಮೂರನೆಯದು ಹೆಚ್ಚು ಮುಖ್ಯ. ಕ್ಯಾಥರೀನಳಿಗೆ ಆ ಪುಸ್ತಕದಲ್ಲಿ ದೊರೆತ ಆನಂದ ನಿಜವಾದದ್ದು, ಅದನ್ನು ಹೇಳಲು ಅವಳಲ್ಲಿದ್ದ ಪದ ಚಿಕ್ಕದು. ಹೆನ್ರಿಯಲ್ಲಿ ಪದಗಳು ಬೇಕಾದಷ್ಟಿವೆ.

ಮುಂದೆ ವಿಕ್ಟೋರಿಯ ರಾಣಿಯ ಕಾಲದ ಮಡಿವಂತಿಕೆಯಲ್ಲಿ ಈ ಪದ ನೀತಿಯ ಕಾವಲಿಗೆ ನಿಂತಿತು. ‘ನೈಸ್’ ಹುಡುಗಿ ಎಂದರೆ ಮಾನವಂತರ ಮನೆಯವಳು, ನಡತೆ ತಪ್ಪದವಳು. ‘ನೈಸ್’ ಜನ ಇಂಥ ಕಡೆಗೆ ಹೋಗುವುದಿಲ್ಲ, ಇಂಥ ವಿಷಯ ಮಾತನಾಡುವುದಿಲ್ಲ. ಒಂದು ಕಾಲಕ್ಕೆ ಲಂಪಟೆಯನ್ನು ಸೂಚಿಸುತ್ತಿದ್ದ ಮಾತೇ ಶೀಲವತಿಯ ಪ್ರಶಸ್ತಿಪತ್ರವಾದದ್ದನ್ನು ಕಂಡರೆ, ಪದಗಳಿಗೆ ಪೂರ್ವಜನ್ಮಸ್ಮರಣೆ ಇಲ್ಲದಿರುವುದೇ ಕ್ಷೇಮವೆನ್ನಬೇಕು. ಇಪ್ಪತ್ತನೆಯ ಶತಮಾನದಲ್ಲಿ ಇಂಗ್ಲಿಷ್ ಪ್ರಯೋಗದ ಧರ್ಮಶಾಸ್ತ್ರಕಾರನೆನಿಸಿದ ಎಚ್. ಡಬ್ಲ್ಯು. ಫೌಲರ್ 1926ರ ತನ್ನ ಗ್ರಂಥದಲ್ಲಿ ಈ ಪದದ ವ್ಯಕ್ತಿತ್ವ ಕರಗಿಹೋದದ್ದರ ಹೊಣೆಯನ್ನು ಸ್ತ್ರೀಯರ ಮೇಲೆ ಹೊರಿಸಿದನು; ಅವರ ಅತಿಪ್ರೀತಿಗೆ ಸಿಕ್ಕಿ ಅದು ಅಸ್ಪಷ್ಟವಾದ ಹಿತಭಾವವನ್ನು ಚೆಲ್ಲುವ ಸಾಧನವಾಯಿತೆಂಬುದು ಆತನ ದೂರು. ಮಾತು ಚಮತ್ಕಾರವಾಗಿದೆ, ನ್ಯಾಯವಾಗಿಲ್ಲ. ಈ ಪದದ ಸಮರ್ಥ ವಿಡಂಬನೆ ಬಂದದ್ದೂ ಒಬ್ಬ ಸ್ತ್ರೀಯ ಲೇಖನಿಯಿಂದಲೇ ಎಂಬುದನ್ನು ಫೌಲರನಂಥ ಬಹುಶ್ರುತ ಮರೆಯಬಾರದಾಗಿತ್ತು.

ಇನ್ನು ಇಂದಿನ ಪ್ರಯೋಗ. ಬರಿದಾದ ಪದವೆಂಬ ಆಪಾದನೆಯನ್ನು ಪರಿಶೀಲಿಸಬೇಕಾದದ್ದು ಇಲ್ಲಿ. 1923ರಲ್ಲಿ ಮಾನವಶಾಸ್ತ್ರಜ್ಞ ಮಲಿನೋವ್‌ಸ್ಕಿ, ಆಗ್ಡೆನ್ ಮತ್ತು ರಿಚರ್ಡ್ಸ್ ಬರೆದ ‘ದಿ ಮೀನಿಂಗ್ ಆಫ್ ಮೀನಿಂಗ್’ ಗ್ರಂಥಕ್ಕೆ ಸೇರಿಸಿದ ಅನುಬಂಧದಲ್ಲಿ ಒಂದು ವಿಚಾರವನ್ನು ಮಂಡಿಸಿದನು: ಮನುಷ್ಯರ ಮಾತಿನಲ್ಲಿ ಒಂದು ದೊಡ್ಡ ಪಾಲು ಯಾವ ವಿಷಯವನ್ನೂ ತಿಳಿಸಲು ಹುಟ್ಟಿದ್ದಲ್ಲ, ಕೂಡಿ ಕುಳಿತವರ ನಡುವೆ ನಂಟನ್ನು ಕಟ್ಟಲು ಹುಟ್ಟಿದ್ದು. ‘ಊಟವಾಯಿತೆ’ ಎಂದು ಕೇಳುವವನು ಉಣ್ಣಿಸಬೇಕೆಂದಾಗಲಿ, ‘ಮಳೆ ಬರುವ ಹಾಗಿದೆ’ ಎನ್ನುವವನು ಜ್ಯೋತಿಷ ನುಡಿದನೆಂದಾಗಲಿ ನಾವು ತಿಳಿಯುವುದಿಲ್ಲ. ಅಪರಿಚಿತರು ಕೈಕುಲುಕಿ ಭೇಟಿ ‘ನೈಸ್’ ಆಯಿತೆನ್ನುವುದೂ ಇದೇ ಜಾತಿಯದು. ಅಲ್ಲಿ ಪದ ಭಾರವಾಗಿದ್ದರೆ ಕೆಲಸ ಕೆಡುತ್ತದೆ. ಮೊದಲ ಭೇಟಿಯಲ್ಲೇ ‘ನಿಮ್ಮನ್ನು ಕಂಡು ಧನ್ಯನಾದೆ’ ಎಂದರೆ ಎದುರಿನವನು ಸಾಲ ಕೇಳುತ್ತಾನೆಂದು ಹೆದರಿಯಾನು.

ಅದೂ ಅಲ್ಲದೆ ಈ ಪದಕ್ಕೆ ವ್ಯಾಕರಣದಲ್ಲಿ ಕೆಲವು ವಿಶೇಷ ಅಧಿಕಾರಗಳುಂಟು. ಇಂಗ್ಲಿಷಿನಲ್ಲಿ ಹಲವು ವಿಶೇಷಣಗಳು ಒಂದರ ಹಿಂದೊಂದು ಬಂದಾಗ ಆಡುವವನ ಅಭಿಪ್ರಾಯವನ್ನು ಸೂಚಿಸುವುದು ಮೊದಲು, ಗಾತ್ರ, ವಯಸ್ಸು, ಬಣ್ಣಗಳು ಆಮೇಲೆ. ‘ನೈಸ್’ ಆದ ಸಣ್ಣ ಹಳೆಯ ಮನೆಯೆನ್ನಬೇಕೇ ಹೊರತು ಹಳೆಯ ಸಣ್ಣ ‘ನೈಸ್’ ಮನೆಯೆಂದರೆ ಕಿವಿಗೆ ಒಗ್ಗದು. ಇನ್ನು ಈ ಪದವನ್ನೂ ಬೇರೊಂದು ವಿಶೇಷಣವನ್ನೂ ‘ಅಂಡ್’ ಎಂಬ ಸಮುಚ್ಚಯದಿಂದ ಕೂಡಿಸಿ ‘ನೈಸ್ ಅಂಡ್ ವಾರ್ಮ್’ ಎಂದಾಗ ಅಲ್ಲಿ ಎರಡು ಗುಣಗಳಿಲ್ಲ. ಬೇಕಾದಷ್ಟು, ಹಿತವಾಗುವಷ್ಟು ಬೆಚ್ಚಗೆ ಎಂಬ ಒಂದೇ ಭಾವ, ವಿಶೇಷಣವು ಕ್ರಿಯಾವಿಶೇಷಣದ ಕೆಲಸಕ್ಕೆ ಇಳಿದಿದೆ. ಧ್ವನಿಯ ಏರಿಳಿತದಿಂದಲೇ ಹೊಗಳಿಕೆ ತೆಗಳಿಕೆಯಾಗುವುದು ಮತ್ತೊಂದು ವೈಚಿತ್ರ್ಯ. ಬಟ್ಟಲು ಒಡೆದವನಿಗೆ ‘ನೈಸ್’ ಎಂದು ನಿಧಾನವಾಗಿ ಹೇಳಿದರೆ ಅವನು ತಲೆ ತಗ್ಗಿಸುತ್ತಾನೆ. ಈ ವ್ಯಂಗ್ಯಶಕ್ತಿಯನ್ನು ಬಲ್ಲ ಸಿ. ಎಸ್. ಲೂಯಿಸ್ 1945ರ ತನ್ನ ‘ದಟ್ ಹಿಡಿಯಸ್ ಸ್ಟ್ರೆಂತ್’ ಕಾದಂಬರಿಯಲ್ಲಿ ಮನುಷ್ಯಕುಲವನ್ನು ಯಂತ್ರಬದ್ಧವಾಗಿ ಆಳಲು ಹೊರಟ ರಾಕ್ಷಸೀ ಸಂಸ್ಥೆಗೆ ಕೊಟ್ಟ ಹೆಸರಿನ ಮೊದಲಕ್ಷರಗಳು ಕೂಡಿದರೆ ‘ನೈಸ್’ ಎಂದಾಗುತ್ತದೆ. ಬೆಂಗಳೂರನ್ನು ಬಳಸಿ ಹೋಗುವ ನೈಸ್ ರಸ್ತೆಯ ಹೆಸರೂ ಇದೇ ರೀತಿ ಒಂದು ಕಂಪನಿಯ ಮೊದಲಕ್ಷರಗಳಿಂದ ಒದಗಿದ್ದೆಂಬುದನ್ನು ಇಲ್ಲಿ ಸ್ಮರಿಸಬಹುದು. ಹೋಲಿಕೆ ಅಷ್ಟಕ್ಕೇ ನಿಲ್ಲಲಿ.

ಇಂಥ ಅರ್ಥಪಲ್ಲಟ ಈ ಪದವೊಂದಕ್ಕೇ ಒದಗಿದ ವಿಧಿಯಲ್ಲ. ‘ಸಿಲ್ಲಿ’ ಎಂಬ ಪದ ಇದಕ್ಕೆ ನೇರ ವಿರುದ್ಧವಾದ ದಾರಿ ಹಿಡಿದು, ಪ್ರಾಚೀನ ಇಂಗ್ಲಿಷಿನ ‘ಧನ್ಯ, ಭಾಗ್ಯವಂತ’ ಎಂಬ ಅರ್ಥದಿಂದ ಹೊರಟು, ‘ನಿಷ್ಪಾಪಿ’ಯಾಗಿ, ‘ಕನಿಕರಕ್ಕೆ ಪಾತ್ರ’ನಾಗಿ, ಕೊನೆಗೆ ‘ದಡ್ಡ’ನಾಯಿತು. ‘ಪ್ರೆಟಿ’ ಮೊದಲು ಕಪಟಿಯನ್ನು ಸೂಚಿಸಿ ಆಮೇಲೆ ಚೆಲುವೆಗೆ ಸಂದಿತು. ‘ನೈಸ್’ ಪದದೊಡನೆ ಜೋಡಿಯಾಗಿ ಇಡಬೇಕಾದದ್ದು ‘ಕ್ವೇಂಟ್’. ಅದರ ಮೂಲ ಲ್ಯಾಟಿನ್ನಿನ ‘ಕಾಗ್ನಿಟುಸ್’, ಅಂದರೆ ‘ತಿಳಿದದ್ದು’. ತಿಳಿವಿನಿಂದ ಹೊರಟ ಪದ ಹಳೆಗಾಲದ ವಿಲಕ್ಷಣತೆಗೆ ಬಂದು ನಿಂತಿತು, ತಿಳಿಯದಿರುವುದರಿಂದ ಹೊರಟದ್ದು ಸಭೆಯಲ್ಲಿ ಮನ್ನಣೆ ಪಡೆಯಿತು. ಅರ್ಥೋತ್ಕರ್ಷ, ಅರ್ಥಾಪಕರ್ಷ ಎಂದು ಭಾಷಾಶಾಸ್ತ್ರಜ್ಞರು ಇವನ್ನು ವಿಂಗಡಿಸುತ್ತಾರೆ. ಆ ಹೆಸರುಗಳಿಂದ ಏಣಿಯೊಂದನ್ನು ಹತ್ತಿಳಿದ ಭಾವ ಬರುತ್ತದೆಯಾದರೂ, ನಡೆದದ್ದು ಎಲ್ಲ ಕಡೆಯೂ ಒಂದೇ ಎಂದು ನನಗೆ ತೋರುತ್ತದೆ: ನಿಷ್ಕಾಪಟ್ಯವನ್ನು ಜನ ಒಮ್ಮೆ ಪೂಜಿಸುತ್ತಾರೆ, ಒಮ್ಮೆ ಮರುಗುತ್ತಾರೆ, ಒಮ್ಮೆ ಲೇವಡಿ ಮಾಡುತ್ತಾರೆ. ನಮ್ಮಲ್ಲಿಯೂ ಇದಕ್ಕೆ ಸಮರ್ಥವಾದ ನಿದರ್ಶನವೊಂದಿದೆ. ಸಂಸ್ಕೃತದ ‘ಮುಹ್’ ಧಾತುವಿನಿಂದ ಹುಟ್ಟಿದ ‘ಮುಗ್ಧ’ ಶಬ್ದಕ್ಕೆ ಮೊದಲರ್ಥ ದಿಕ್ಕುತೋಚದವನು, ಮೂಢ. ‘ಮೂಢ’ವೂ ಅದೇ ಧಾತುವಿನ ಕೂಸು. ಆದರೆ ಕವಿಗಳ ಕೈಯಲ್ಲಿ ‘ಮುಗ್ಧ’ ನಿಷ್ಕಪಟವೂ ಮನೋಹರವೂ ಆಗಿ, ಅಲಂಕಾರಶಾಸ್ತ್ರದಲ್ಲಿ ಪ್ರಣಯಕ್ಕೆ ಹೊಸಬಳಾದ ನಾಯಿಕೆಯ ಹೆಸರಾಗಿ, ಕನ್ನಡದಲ್ಲಿ ಇಂದು ಮಗುವಿನ ನಗೆಗೆ ಮೀಸಲಾದ ಮಾತಾಯಿತು. ಅಜ್ಞಾನದಿಂದ ಚೆಲುವಿಗೆ ಹೋಗುವ ದಾರಿಯನ್ನು ಲ್ಯಾಟಿನ್ನಿನ ಮಗಳೂ ಸಂಸ್ಕೃತದ ಮಗಳೂ ಪರಸ್ಪರ ಅರಿಯದೆ ನಡೆದುದು ಆಕಸ್ಮಿಕವೆನ್ನಲು ನನ್ನ ಮನಸ್ಸು ಒಪ್ಪದು.

ಹಳೆಯ ನಿಷ್ಕೃಷ್ಟತೆಯ ಅರ್ಥ ನ್ಯಾಯಾಲಯದ ಹೊರಗೂ ಅಲ್ಲಲ್ಲಿ ಬದುಕಿದೆ. ‘ನೈಸಿಟಿ’ ಎಂಬ ಭಾವನಾಮದಲ್ಲಿ ಅದು ಇಂದಿಗೂ ಸ್ಪಷ್ಟ. ಗಣಿತಜ್ಞರಾದರೋ ಹಟಮಾರಿತನ ತೋರದೆ ನಿಯಮಕ್ಕೆ ಒಗ್ಗುವ ಫಲನಗಳನ್ನು ಸರಸವಾಗಿ ‘ನೈಸ್’ ಎನ್ನುತ್ತಾರೆ. ಯೂನಿಕ್ಸ್ ಎಂಬ ಗಣಕವ್ಯವಸ್ಥೆಯಲ್ಲಿ ‘ನೈಸ್’ ಹೆಸರಿನ ಆದೇಶವೊಂದಿದ್ದು, ಒಂದೊಂದು ಕಾರ್ಯಕ್ಕೂ ಸೌಜನ್ಯವನ್ನು ಅಂಕಿಗಳಲ್ಲಿ ಗೊತ್ತುಪಡಿಸಲು ಅವಕಾಶ ಕೊಡುತ್ತದೆ. ಸಾಮಾನ್ಯವಾಗಿ ಕನಿಷ್ಠ ಮೈನಸ್ 20, ಗರಿಷ್ಠ 19. ಅಂಕಿ ಏರಿದಷ್ಟೂ ಆ ಕಾರ್ಯ ಇತರ ಕಾರ್ಯಗಳಿಗೆ ದಾರಿ ಬಿಟ್ಟು ಹಿಂದೆ ಸರಿಯುತ್ತದೆ. ಸಜ್ಜನಿಕೆಯೆಂದರೆ ಬೇರೆಯವರನ್ನು ಮುಂದೆ ಬಿಡುವುದೆಂಬ ಈ ವ್ಯಾಖ್ಯೆ ನಿಘಂಟುಕಾರರು ಕೊಟ್ಟ ಎಷ್ಟೋ ವ್ಯಾಖ್ಯೆಗಳಿಗಿಂತ ಮೇಲೆಂದು ನನ್ನ ಮತ.

ಕನ್ನಡಕ್ಕೆ ಬಂದ ‘ನೈಸ್’ ಪದದ ಗತಿಯನ್ನು ಯಾರಾದರೂ ವಿಸ್ತಾರವಾಗಿ ಬರೆಯಬೇಕು. ಇಲ್ಲಿ ಸ್ಥೂಲವಾಗಿ ಸೂಚಿಸುತ್ತೇನೆ. ಇಂಗ್ಲಿಷ್ ಓದಿದವರ ಬಾಯಲ್ಲಿ ಅದು ಇಂಗ್ಲಿಷಿನ ಅರ್ಥವನ್ನೇ ಹೇಳುತ್ತದೆ. ಆದರೆ ಇಂಗ್ಲಿಷ್ ಓದದವರ ಬಾಯಲ್ಲಿ, ಅಡಿಗೆಮನೆಯಲ್ಲಿ, ಬಡಗಿಯ ಕೆಲಸದಲ್ಲಿ, ಬಟ್ಟೆಯ ಅಂಗಡಿಯಲ್ಲಿ, ಅದು ಇಂಗ್ಲಿಷಿಗೆ ಇಲ್ಲದ ಅರ್ಥವೊಂದನ್ನು ಗಳಿಸಿಕೊಂಡಿದೆ. ಉದ್ದಿನ ಹಿಟ್ಟನ್ನು ನೈಸಾಗಿ ರುಬ್ಬಬೇಕು. ಹಲಗೆಯನ್ನು ಉಜ್ಜಿ ನೈಸ್ ಮಾಡಬೇಕು. ಸೀರೆಯ ಬಟ್ಟೆ ಕೈಗೆ ನೈಸಾಗಿದೆ. ಇಲ್ಲೆಲ್ಲ ಅರ್ಥ ನುಣುಪು, ನವುರು. ಅಲ್ಲಿಂದ ಅದು ಮನುಷ್ಯರ ನಡತೆಗೆ ದಾಟಿದಾಗ ಹೊಗಳಿಕೆ ಉಳಿಯಲಿಲ್ಲ. ನೈಸಾಗಿ ಮಾತಾಡಿ ಕೆಲಸ ಮಾಡಿಸಿಕೊಂಡವನು, ಸಾಲ ಕೊಟ್ಟವನು ಎದುರಾದಾಗ ನೈಸಾಗಿ ಜಾರಿಕೊಂಡವನು, ಮೇಲಧಿಕಾರಿಯನ್ನು ನೈಸ್ ಮಾಡಿಕೊಂಡವನು, ಇವರಾರೂ ಸಜ್ಜನರ ಪಟ್ಟಿಗೆ ಸೇರರು. ಈ ಅರ್ಥಗಳು ಒದಗಲು ನಮ್ಮ ‘ನಯ’ ಶಬ್ದ ಕಾರಣವಾಗಿರಬಹುದೆಂದು ನನ್ನ ಊಹೆ. ನುಣುಪು, ಮೃದುತ್ವ, ವಿನಯ, ಉಪಾಯ ಇವೆಲ್ಲವನ್ನೂ ಒಳಗೊಂಡ ಆ ಶಬ್ದ ನಯವಿನಯದಲ್ಲಿ ಗುಣವಾಗಿದೆ, ನಯವಂಚಕನಲ್ಲಿ ದೋಷವಾಗಿದೆ. ಉಚ್ಚಾರಣೆಯ ಸಾಮ್ಯದಿಂದ ಬಂದ ಅತಿಥಿಯನ್ನು ಅದು ತನ್ನ ಮನೆಯ ರೀತಿಗೆ ಪಳಗಿಸಿಕೊಂಡಿರಬೇಕು.

ಇಂಗ್ಲಿಷಿನ ‘ನೈಸ್’ ಮಾಡುವ ಹಗುರ ಮೆಚ್ಚಿಗೆಯ ಕೆಲಸಕ್ಕೆ ಕನ್ನಡದಲ್ಲಿ ಬೇರೆ ಆಳುಗಳು ಮೊದಲಿನಿಂದಲೂ ಇದ್ದಾರೆ. ಮೈಸೂರು ಸೀಮೆಯಲ್ಲಿ ‘ಚೆನ್ನಾಗಿದೆ’, ಧಾರವಾಡದ ಕಡೆ ‘ಚಲೋ ಐತಿ’, ಕರಾವಳಿಯಲ್ಲಿ ‘ಲಾಯ್ಕಿತ್ತ್’. ಇವುಗಳಲ್ಲಿ ಕೊನೆಯದು ‘ಯೋಗ್ಯ’ ಎಂಬರ್ಥದ ಅರಬ್ಬಿ ಮೂಲದ ಶಬ್ದದಿಂದ ಬಂದದ್ದು. ಮೊದಲನೆಯ ‘ಚೆನ್ನ’ವಾದರೋ ಅಕ್ಕಮಹಾದೇವಿಯ ಚೆನ್ನಮಲ್ಲಿಕಾರ್ಜುನನಲ್ಲಿಯೂ ಬೇಲೂರಿನ ಚೆನ್ನಕೇಶವನಲ್ಲಿಯೂ ಪರಮಸೌಂದರ್ಯವನ್ನು ಸೂಚಿಸಿದ ಶಬ್ದ, ಇಂದು ಕಾಫಿಗೂ ಸಲ್ಲುತ್ತ, ‘ಚೆನ್ನಾಗಿ ಬೈದ’ ಎಂಬಲ್ಲಿ ಬೈಗುಳದ ಪ್ರಮಾಣವನ್ನೂ ಅಳೆಯುತ್ತದೆ. ಅದನ್ನು ಯಾವ ಕನ್ನಡ ಉಪಾಧ್ಯಾಯರೂ ಕೆಂಪು ಶಾಯಿಯಿಂದ ಹೊಡೆದುಹಾಕಿದ್ದನ್ನು ನಾನು ಕಂಡಿಲ್ಲ.